ಹಡಗಿನ ಹಿಂಬದಿಯಲ್ಲಿ ಬರೆದ ಊರು

ಪ್ರಿಯರೇ,

ಡೊಂಬಿವಲಿಯಿಂದ ನೀವು ಕಳಿಸಿದ ‘ಹೊಸ ಹಡಗು ಕಾಯ್ದೆ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈ ಬಿಡಬೇಡಿ.

ಭಾರತಕ್ಕೆ ಮೂರು ಕಡೆ ಸಮುದ್ರ ಅನ್ನುವ ಮೊದಲ ಪುಟ ಪೂರ್ತಿ ತೆಗೆಯಿರಿ. 1958ರ ಕಾಯ್ದೆಯ ಜಾಗಕ್ಕೆ ಹೊಸದು ಬಂತು, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿತು. ಇದಕ್ಕೆ ಎರಡು ಸಾಲು ಸಾಕು. ನೀವು ನಾಲ್ಕು ಪುಟ ಬರೆದಿದ್ದೀರಿ, ಅದರಲ್ಲಿ ನನಗೆ ಒಂದೂ ಹಡಗು ಕಾಣಲಿಲ್ಲ.

ಐದನೇ ಪುಟದ ಕೊನೆಗೆ ಕಂಸದೊಳಗೆ ಒಂದು ಮಾತಿದೆ. ನಿಮ್ಮ ಮಾವ ಮಲ್ಪೆಯಿಂದ ಬಂದು ಖಲಾಸಿಯಾದವರು, ‘ನಮ್ಮ ಹಡಗು ಪನಾಮದ್ದು’ ಅನ್ನುತ್ತಿದ್ದರು, ಪನಾಮವನ್ನು ಒಮ್ಮೆಯೂ ನೋಡಿರಲಿಲ್ಲ. ಅಯ್ಯೋ, ಇದನ್ನು ಯಾಕೆ ಮೂಲೆಗೆ ತಳ್ಳಿದಿರಿ? ಲೇಖನ ಇರುವುದೇ ಇಲ್ಲಿ.

ಮುಂಬೈನ ಭಾವುಚಾ ಧಕ್ಕೆಯಿಂದ ಆಚೆ ದಡದ ರೇವಸ್‌ಗೆ ಲಾಂಚ್ ಹತ್ತಿದಾಗಲೆಲ್ಲ ನಾನು ನಿಂತ ಹಡಗುಗಳ ಹಿಂಬದಿ ಓದುತ್ತೇನೆ. ಮೇಲಿನ ಸಾಲಲ್ಲಿ ಹೆಸರು, ಕೆಳಗೆ ಊರು. ಮುಂಬೈ, ಪನಾಮ, ಲೈಬೀರಿಯಾದ ಮೊನ್ರೋವಿಯಾ. ಆ ಊರು ಅಂದರೆ ನೋಂದಣಿಯಾದ ಬಂದರು. ಮಾಲೀಕ ಎಲ್ಲಿಯವನೇ ಇರಲಿ, ನಡುಕಡಲಲ್ಲಿ ಆ ಹಡಗಿನ ಮೇಲೆ ನಡೆಯುವುದು ಆ ದೇಶದ ಕಾನೂನು. ಸಂಬಳ ಸಿಗದಿದ್ದರೆ, ಕೈ ಮುರಿದರೆ, ನಿಮ್ಮ ಮಾವ ಮೊದಲು ಯಾವ ದೇಶದ ಬಾಗಿಲು ತಟ್ಟಬೇಕಿತ್ತು? ಓದುಗರಿಗೆ ಬೇಕಾದ್ದು ಈ ಪ್ರಶ್ನೆ ಅಲ್ವಾ?

ಇದನ್ನು ಮುಂದಿಟ್ಟರೆ ಕಾಯ್ದೆಯ ಮಾತು ತಾನಾಗಿ ಬರುತ್ತದೆ. ಹಳೆಯ ಕಾನೂನು ಒಂದು ಹಡಗಿನ ಒಡೆತನವನ್ನು 10 ಪಾಲಾಗಿ ಎಣಿಸುತ್ತಿತ್ತು. ಹತ್ತೂ ಪಾಲು ಇಲ್ಲಿನವರದೇ ಆಗಿರಬೇಕಿತ್ತು: ಭಾರತದ ನಾಗರಿಕರು, ಇಲ್ಲಿನ ಕಂಪನಿಗಳು ಅಥವಾ ಸಹಕಾರ ಸಂಘಗಳು. ಹೊಸದು ಭಾಗಶಃ ಭಾರತೀಯರ ಒಡೆತನಕ್ಕೂ ದಾರಿ ಬಿಟ್ಟಿದೆ. ‘ವಿದೇಶಿಯರು ಯಾರು ಬೇಕಾದರೂ ಇಲ್ಲಿ ನೋಂದಾಯಿಸಬಹುದು’ ಎಂದು ನೀವು ಬರೆದದ್ದು ತಪ್ಪು, ತಿದ್ದಿ. ‘ಬೇರ್‌ಬೋಟ್ ಚಾರ್ಟರ್ ಕಮ್ ಡಿಮೈಸ್’ ಅನ್ನುವುದನ್ನು ಸುಮ್ನೆ ಹಾಗೇ ಬಿಟ್ಟಿದ್ದೀರಿ. ಸಿಬ್ಬಂದಿ ಇಲ್ಲದ ಖಾಲಿ ಹಡಗನ್ನು ಬಾಡಿಗೆಗೆ ಹಿಡಿದು, ಬಾಡಿಗೆ ಕಟ್ಟುತ್ತಾ ಕಟ್ಟುತ್ತಾ ಕೊನೆಗೆ ಸ್ವಂತ ಮಾಡಿಕೊಳ್ಳುವುದು. ಕಂತಿನಲ್ಲಿ ರಿಕ್ಷಾ ಕೊಂಡವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅಂಥ ಹಡಗನ್ನೂ ಈಗ ಇಲ್ಲಿ ನೋಂದಾಯಿಸಬಹುದು. ಒಡೆಯಲು ತಂದ ಹಡಗಿಗೆ ತಾತ್ಕಾಲಿಕ ನೋಂದಣಿಯೂ ಇದೆ. ಅದು ಬೇರೆಯೇ ಕಥೆ, ಈಗ ಬೇಡ.

‘ಐತಿಹಾಸಿಕ’, ‘ಕ್ರಾಂತಿಕಾರಿ’ ಎರಡೂ ತೆಗೆಯಿರಿ. ನಿಮ್ಮ ಮಾವನ ಮಾತಿಗೆ ಆ ಶಬ್ದಗಳ ಆಸರೆ ಬೇಕಿಲ್ಲ.

ಅವರ ಸಿಡಿಸಿ, ಅಂದರೆ ಹಡಗಿನ ಕೆಲಸದ ದಾಖಲೆ ಪುಸ್ತಕ, ಮನೆಯಲ್ಲಿ ಇನ್ನೂ ಇದೆಯಾ? ಅದರಲ್ಲಿ ದುಡಿದ ಒಂದೊಂದು ಹಡಗಿನ ಹೆಸರು, ಹತ್ತಿದ ದಿನ, ಇಳಿದ ದಿನ ಬರೆದಿರುತ್ತದೆ. ಅತ್ತೆಯ ಜೊತೆ ಕೂತು ಒಂದೊಂದೇ ಪುಟ ತಿರುವಿ. ಎಷ್ಟು ಹಡಗು ಪನಾಮದ್ದು, ಎಷ್ಟು ಮುಂಬೈಯದು ಎಂದು ಕೇಳಿ ಬರೆದುಕೊಳ್ಳಿ. ಅಲ್ಲಿಂದ ಶುರು ಮಾಡಿ, ಎರಡೂವರೆ ಪುಟದಲ್ಲಿ ಮತ್ತೆ ಕಳಿಸಿ. ದೀಪಾವಳಿ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.