ಮೂರು ಇಂಚಿಗೆ ತೋಟ ಮಾರಲೇ?

"ಮೇಡಂ, ನನಗೆ 26 ವರ್ಷ. ದಾವಣಗೆರೆಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಫೈನಾನ್ಸ್ ಕಂಪನಿಯಲ್ಲಿ ಕೆಲಸ. ನನ್ನ ಎತ್ತರ 5 ಅಡಿ 2 ಇಂಚು. ಎತ್ತರ ಹೆಚ್ಚಿಸುವ ಪುಡಿ ಎರಡು ವರ್ಷ ಕುಡಿದೆ, ಏನೂ ಆಗಲಿಲ್ಲ. ಎರಡು ಕಡೆ ಹೆಣ್ಣು ನೋಡಿ ಬಂದೆವು. ಎರಡನೆಯದು ಚಿತ್ರದುರ್ಗದ ಮನೆ. 'ಹುಡುಗ ಒಳ್ಳೆಯವನೇ, ಆದರೆ ಗಿಡ್ಡ' ಎಂದು ಹೇಳಿ ಕಳಿಸಿದರು. ಕಾಲಿನ ಮೂಳೆ ಕತ್ತರಿಸಿ ಉದ್ದ ಮಾಡುವ ಆಪರೇಷನ್ ಬಗ್ಗೆ ಒಂದು ಕಡೆ ಫೋನಿನಲ್ಲಿ ವಿಚಾರಿಸಿದೆ. ಮೂರು ಇಂಚು ಗ್ಯಾರಂಟಿ, ಮೂರು ತಿಂಗಳಿಗೆ ಕೆಲಸಕ್ಕೆ ಹೋಗಬಹುದು, ಹದಿನೈದು ಲಕ್ಷ ಎಂದರು. ಚನ್ನಗಿರಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಅದರಲ್ಲಿ ಅರ್ಧ ಎಕರೆ ಮಾರಿಸೋಣ ಅಂತಿದ್ದೇನೆ. ಅಪ್ಪನಿಗೆ ಬಿಸಿನೆಸ್‌ಗೆ ಅಂತ ಹೇಳುತ್ತೇನೆ. ಮಾಡಿಸಲೋ ಬೇಡವೋ, ಒಂದೇ ಮಾತಲ್ಲಿ ಹೇಳಿ."
— ಹೆಸರು ಬೇಡ ಎಂದ ಓದುಗ, ದಾವಣಗೆರೆ

ತಮ್ಮಾ,

ನೀನು ನನ್ನ ಕೊನೆಯ ತಮ್ಮನಿಗಿಂತ ಚಿಕ್ಕವನು. ಅದಕ್ಕೇ ಸಲಿಗೆಯಿಂದ ಬರೆಯುತ್ತಿದ್ದೇನೆ. ಒಂದೇ ಮಾತಲ್ಲಿ ಹೇಳಿ ಅಂದಿದ್ದೀಯ. ಬೇಡ. ಆದರೆ ಇಷ್ಟೇ ಬರೆದು ಮುಗಿಸಿದರೆ ನಿನಗೆ ನಾನು ಏನೂ ಹೇಳಿದ ಹಾಗಾಗಲ್ಲ.

ಈ ಆಪರೇಷನ್ನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹದಿನಾಲ್ಕು ವರ್ಷದ ಹಿಂದೆ ಹರಿಹರದಿಂದ ಬೈಕಿನಲ್ಲಿ ಬರುವಾಗ ನಮ್ಮ ಮನೆಯವರಿಗೆ ಲಾರಿ ತಗುಲಿತು. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಪುಡಿಯಾಯಿತು. ಗಾಯ ವಾಸಿಯಾದಾಗ ಆ ಕಾಲು ಮೂರೂವರೆ ಸೆಂಟಿಮೀಟರ್ ಗಿಡ್ಡವಾಗಿತ್ತು. ಕುಂಟುತ್ತಿದ್ದರು, ಸೊಂಟ ನೋವು ಬೇರೆ. ಆಗ ಡಾಕ್ಟರು ಇಲಿಜಾರೋವ್ ಹಾಕೋಣ ಅಂದರು.

ಇಲಿಜಾರೋವ್ ಒಬ್ಬ ಡಾಕ್ಟರ ಹೆಸರು. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ 1950ರ ದಶಕದಲ್ಲಿ ಈ ವಿಧಾನ ಕಂಡುಕೊಂಡವರು. ಅವರ ಕೈಗೆ ಬರುತ್ತಿದ್ದವರು ಯುದ್ಧದಲ್ಲಿ, ಅಪಘಾತದಲ್ಲಿ ಕಾಲು ಕೆಟ್ಟವರು. ಕತ್ತರಿಸಿದ ಮೂಳೆಯ ಎರಡು ತುದಿಗಳನ್ನು ನಿಧಾನವಾಗಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತಾ ಹೋದರೆ, ನಡುವಿನ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅವರು ಕಂಡುಕೊಂಡದ್ದು ಇದನ್ನೇ. ವಲೇರಿ ಬ್ರುಮೆಲ್ ಅಂತ ಒಬ್ಬ ಹೈಜಂಪ್ ಆಟಗಾರ ಇದ್ದ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಮರುವರ್ಷವೇ ಮೋಟರ್‌ಸೈಕಲ್ ಅಪಘಾತದಲ್ಲಿ ಕಾಲು ಮುರಿಯಿತು. ಎಷ್ಟೋ ಆಪರೇಷನ್ ಆದಮೇಲೆ ಕುರ್ಗಾನ್‌ಗೆ ಹೋದ, ಮತ್ತೆ ಜಿಗಿಯುವ ಮಟ್ಟಕ್ಕೆ ಬಂದ. ಅಂಥ ವಿದ್ಯೆ ಇದು. ನನ್ನ ಗಂಡನನ್ನು ನೆಟ್ಟಗೆ ನಿಲ್ಲಿಸಿದ ವಿದ್ಯೆ. ಅದರ ಬಗ್ಗೆ ಒಂದು ಕೆಟ್ಟ ಮಾತೂ ನನ್ನ ಬಾಯಲ್ಲಿ ಬರಲ್ಲ.

ಆದರೆ ಅದು ಮನೆಯಲ್ಲಿ ಹೇಗಿರುತ್ತದೆ ಅಂತ ನಿನಗೆ ಫೋನಿನಲ್ಲಿ ಯಾರೂ ಹೇಳಿಲ್ಲ. ಕಾಲಿನ ಸುತ್ತ ಬಳೆಯ ಹಾಗೆ ಕಬ್ಬಿಣದ ರಿಂಗುಗಳು. ರಿಂಗಿನಿಂದ ಸೈಕಲ್ ಕಡ್ಡಿಯಂಥ ತಂತಿಗಳು ಚರ್ಮ ತೂರಿ, ಮೂಳೆ ತೂರಿ, ಆಚೆ ಬದಿಗೆ ಬಂದಿರುತ್ತವೆ. ರಿಂಗುಗಳ ನಡುವೆ ನಾಲ್ಕು ರಾಡು, ರಾಡಿಗೆ ನಟ್ಟು. ಆ ನಟ್ಟು ತಿರುಗಿಸುವುದು ನಮ್ಮ ಮೆಕ್ಯಾನಿಕ್ಕುಗಳ ಹತ್ತನೇ ನಂಬರ್ ಸ್ಪ್ಯಾನರಿನಲ್ಲೇ. ಒಂದು ಪೂರ್ತಿ ಸುತ್ತಿಗೆ ಒಂದು ಮಿಲಿಮೀಟರ್. ಒಂದೇ ಸಲ ತಿರುಗಿಸುವ ಹಾಗಿಲ್ಲ. ಬೆಳಿಗ್ಗೆ 6ಕ್ಕೆ ಸುತ್ತಿನ ಕಾಲು ಭಾಗ, ಮಧ್ಯಾಹ್ನ 12ಕ್ಕೆ, ಸಂಜೆ 6ಕ್ಕೆ, ರಾತ್ರಿ 12ಕ್ಕೆ. ಆ ಕೆಲಸ ನನ್ನದು. ಯಾವ ಮುಖ ಎಲ್ಲಿತ್ತು ಅಂತ ಗೊತ್ತಾಗಲಿ ಎಂದು ನಟ್ಟಿನ ಮೇಲೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಒಂದು ನಟ್ಟನ್ನು ಉಲ್ಟಾ ತಿರುಗಿಸಿಬಿಟ್ಟೆ. ಅವರು ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲ ಬಿಡು" ಅಂದರು. ಬೆಳಿಗ್ಗೆವರೆಗೆ ನಾನು ಅತ್ತೆ. ಡಾಕ್ಟರಿಗೆ ಫೋನ್ ಮಾಡಿ ಸರಿಮಾಡಿಕೊಂಡೆವು.

ತಂತಿ ಚರ್ಮ ಹೊಕ್ಕ ಜಾಗ ಒಂದೊಂದನ್ನೂ ದಿನಾ ಒರೆಸಬೇಕು. ಎರಡು ಸಲ ಕೀವಾಯಿತು, ಜ್ವರ ಬಂತು, ಆಂಟಿಬಯಾಟಿಕ್ ಹಾಕಿದರು. ಉದ್ದ ಮಾಡಿದ್ದು ಮೂವತ್ತೈದು ದಿನ, ರಿಂಗು ಕಾಲಿನಲ್ಲಿ ಇದ್ದದ್ದು ಏಳು ತಿಂಗಳು. ಹೊಸ ಮೂಳೆ ಮೊದಲು ಮೆತ್ತಗಿರುತ್ತದೆ, ಅದು ಗಟ್ಟಿಯಾಗುವವರೆಗೆ ರಿಂಗು ತೆಗೆಯುವಂತಿಲ್ಲ. ಇದು ಒಂದು ಕಾಲಿಗೆ. ನಿನ್ನದು ಎರಡೂ ಕಾಲು. ಮೂರು ಇಂಚು ಅಂದರೆ ಏಳೂವರೆ ಸೆಂಟಿಮೀಟರ್. ಎಳೆಯುವುದಕ್ಕೇ 75 ದಿನ ಬೇಕು. ಮೂರು ತಿಂಗಳಿಗೆ ಆಫೀಸಿಗೆ ಹೋಗಬಹುದು ಅಂದವರು ಈ ಲೆಕ್ಕವನ್ನೂ ನಿನಗೆ ಹೇಳಬೇಕಿತ್ತಲ್ವಾ?

ರಿಂಗು ಇಲ್ಲದ ವಿಧಾನವೂ ಬಂದಿದೆ. ಮೂಳೆಯ ಒಳಗೇ ರಾಡು ಕೂರಿಸಿ, ಹೊರಗಿನಿಂದ ಅಯಸ್ಕಾಂತದ ಯಂತ್ರ ಹಿಡಿದು ಉದ್ದ ಮಾಡುತ್ತಾರೆ. ಕೀವಿನ ಕಾಟ ಕಡಿಮೆ, ಖರ್ಚು ಜಾಸ್ತಿ. ಅದರಲ್ಲೂ ಎಲ್ಲ ಸಲೀಸಲ್ಲ. ಕಾಲೂರಿ ನಡೆಯಬಹುದು ಎಂದು 2018ರಲ್ಲಿ ಬಂದ ಸ್ಟ್ರೈಡ್ ಎಂಬ ರಾಡನ್ನು 2021ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ರಾಡಿನ ಜೋಡಣೆಯ ಜಾಗದಲ್ಲಿ ತುಕ್ಕು, ಸುತ್ತಲಿನ ಮೂಳೆಯಲ್ಲಿ ಬದಲಾವಣೆ ಕಂಡಿತ್ತು. ಚೀನಾದಲ್ಲಂತೂ ಬರೀ ಎತ್ತರಕ್ಕಾಗಿ ಈ ಆಪರೇಷನ್ ಮಾಡುವುದನ್ನು 2006ರಲ್ಲೇ ನಿಷೇಧಿಸಿದರು.

ರಿಂಗಾಗಲಿ ರಾಡಾಗಲಿ, ಮೂಳೆ ಬೆಳೆದಷ್ಟು ಸುಲಭವಾಗಿ ಮಾಂಸಖಂಡ, ನರ ಬೆಳೆಯುವುದಿಲ್ಲ. ಹಗ್ಗ ಬಿಗಿದಂತೆ ಎಳೆಯುತ್ತವೆ. ಹಿಮ್ಮಡಿ ಮೇಲೆದ್ದು, ಬೆರಳ ತುದಿಯಲ್ಲಿ ನಿಲ್ಲುವ ಹಾಗಾಗುತ್ತದೆ. ಅದಕ್ಕೆ ದಿನಾ ಗಂಟೆಗಟ್ಟಲೆ ಫಿಸಿಯೋಥೆರಪಿ ಬೇಕು. ನರಕ್ಕೆ ಪೆಟ್ಟಾದರೆ ಪಾದ ಎತ್ತಲು ಬಾರದೆ ಜೋಲಬಹುದು. ಕೆಲವರಿಗೆ ಹೊಸ ಮೂಳೆ ಸರಿಯಾಗಿ ಕೂಡುವುದೇ ಇಲ್ಲ, ಮತ್ತೆ ಆಪರೇಷನ್. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಆಗಿ ಖುಷಿಯಾಗಿ ಇರುವವರೂ ಇದ್ದಾರೆ. ಆದರೆ ಇದರಲ್ಲಿ ಗ್ಯಾರಂಟಿ ಎಂಬ ಮಾತಿಲ್ಲ. ಆ ಮಾತು ಆಡಿದ ಕಡೆ ಕಾಲು ಕೊಡಬೇಡ.

ನಮ್ಮ ಮನೆಯವರು ಈಗ ಚೆನ್ನಾಗಿ ನಡೆಯುತ್ತಾರೆ. ಬೆಳಿಗ್ಗೆ ಕುಂದವಾಡ ಕೆರೆ ಸುತ್ತುತ್ತಾರೆ. ಆದರೆ ಹೋದ ವರ್ಷ ಚಿತ್ರದುರ್ಗದ ಕೋಟೆಗೆ ಹೋಗಿದ್ದಾಗ ನೋಡಿದೆ. ಹತ್ತುವಾಗ ಎಲ್ಲರ ಜೊತೆ ಹತ್ತಿದರು. ಇಳಿಯುವಾಗ ಗೋಡೆ ಹಿಡಿದು, ಅಡ್ಡಡ್ಡ, ಒಂದೊಂದೇ ಮೆಟ್ಟಿಲು. ಪಾದದ ಕೀಲು ಪೂರ್ತಿ ಮಡಚುವುದಿಲ್ಲ. ಕುಕ್ಕರಗಾಲಲ್ಲಿ ಕೂರಲು ಆಗುವುದೇ ಇಲ್ಲ. ನೀನು ಅಡಿಕೆ ತೋಟದವನು. ಸುಗ್ಗಿಯಲ್ಲಿ ನೆಲದ ಮೇಲೆ ಕೂತು ಗಂಟೆಗಟ್ಟಲೆ ಅಡಿಕೆ ಸುಲಿಯುವುದು ಏನು ಅಂತ ನಾನು ನಿನಗೆ ಹೇಳಬೇಕಾ?

ಅವರಿಗೆ ಆ ಕಷ್ಟ ಪಡಲೇಬೇಕಾಗಿತ್ತು. ಕಾಲು ಕೆಟ್ಟಿತ್ತು. ನಿನ್ನ ಕಾಲು ಚೆನ್ನಾಗಿವೆ ತಮ್ಮಾ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಗಿಡ್ಡ ಅನ್ನಿಸಿಕೊಳ್ಳುವ ನೋವು ಸಣ್ಣದಲ್ಲ, ಗೊತ್ತು. ಶಾಲೆಯಲ್ಲಿ ಮುಂದಿನ ಸಾಲು, ಗ್ರೂಪ್ ಫೋಟೋದಲ್ಲಿ ಮುಂದೆ, ಮದುವೆ ಮನೆಯಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು ಅಳೆಯುವುದು. ಪುಡಿ ಕೆಲಸ ಮಾಡದಿದ್ದುದು ನಿನ್ನ ತಪ್ಪಲ್ಲ. ಮೂಳೆಯ ತುದಿಯಲ್ಲಿ ಬೆಳೆಯುವ ಪದರ ಹರೆಯ ಮುಗಿಯುವಾಗ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಪುಡಿಯೂ, ಜೋತುಬೀಳುವ ವ್ಯಾಯಾಮವೂ ಮೂಳೆ ಬೆಳೆಸುವುದಿಲ್ಲ. ನಿನಗೆ ಪುಡಿ ಮಾರಿದವರು ಎರಡು ವರ್ಷ ಮೋಸ ಮಾಡಿದರು, ಅಷ್ಟೇ.

ಆದರೆ ಎರಡು ಮನೆಯವರು ಬೇಡ ಅಂದದ್ದಕ್ಕೆ ಎರಡು ಕಾಲು ಮುರಿಸಿಕೊಳ್ಳುವುದು ಯಾವ ಲೆಕ್ಕ? ಐದಡಿ ಐದಿಂಚು ಆದಮೇಲೂ ಮೂರನೇ ಮನೆಯವರು ಸಂಬಳ ಕಡಿಮೆ ಅನ್ನಬಹುದು. ನೀನು ಆಪರೇಷನ್ ವಿಷಯ ಅವರಿಂದ ಮುಚ್ಚಿಡಬೇಕಾಗುತ್ತದೆ. ಅಪ್ಪನಿಗಂತೂ ಈಗಲೇ ಸುಳ್ಳು ಹೇಳಲು ಹೊರಟಿದ್ದೀಯ. ಅಡಿಕೆ ಗಿಡ ನೆಟ್ಟು ಫಸಲು ಬರಬೇಕಾದರೆ ಎಷ್ಟು ವರ್ಷ ಕಾಯಬೇಕು ಅಂತ ನಿನ್ನಪ್ಪನನ್ನು ಕೇಳು. ಬಿಸಿನೆಸ್ ಅಂದುಕೊಂಡು ಅವರು ಸಹಿ ಹಾಕುತ್ತಾರೆ. ಆಮೇಲೆ ಒಂದು ದಿನ ನೀನು ವಾಕರ್ ಹಿಡಿದು ಅಂಗಳದಲ್ಲಿ ನಿಂತರೆ ಅವರಿಗೆ ಏನು ಹೇಳುತ್ತೀಯ?

ಇಷ್ಟು ಓದಿಯೂ ಮಾಡಿಸಲೇಬೇಕು ಅನ್ನಿಸಿದರೆ, ನಿನ್ನ ದೇಹ, ನಿನ್ನ ತೀರ್ಮಾನ. ಆಗ ಫೋನಿನವರನ್ನು ಬಿಟ್ಟು, ಇದನ್ನೇ ಮಾಡುವ ಮೂಳೆ ಡಾಕ್ಟರನ್ನು ನೇರವಾಗಿ ಕಾಣು. ಎಷ್ಟು ಜನಕ್ಕೆ ಮಾಡಿದ್ದಾರೆ, ಎಷ್ಟು ಜನಕ್ಕೆ ತೊಂದರೆಯಾಯಿತು, ತೊಂದರೆಯಾದರೆ ಖರ್ಚು ಯಾರದು ಅಂತ ಕೇಳು. ಆಪರೇಷನ್ ಆದವರಲ್ಲಿ ಒಬ್ಬರನ್ನಾದರೂ ಮಾತಾಡಿಸು. ವರ್ಷಪೂರ್ತಿ ನಿನ್ನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೋ. ರೂಮಿನಲ್ಲಿ ಒಬ್ಬನೇ ಇದ್ದು ಆಗುವ ಕೆಲಸ ಅಲ್ಲ.

ಅದಕ್ಕಿಂತ ಮೊದಲು, ಈ ಎತ್ತರದ ಯೋಚನೆ ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ಕನ್ನಡಿ ಮುಂದೆ ನಿಲ್ಲಲು ಬೇಸರವಾಗುತ್ತಿದ್ದರೆ, 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೊಳ್ಳಬೇಡ.

ಈ ತಿಂಗಳು ತೋಟದ ಯಾವ ಕಾಗದಕ್ಕೂ ಅಪ್ಪನ ಸಹಿ ಹಾಕಿಸಬೇಡ. ಒಂದು ಭಾನುವಾರ ನಮ್ಮ ಮನೆಗೆ ಬಾ. ಪತ್ರಿಕೆಯ ಆಫೀಸಿನಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಈ ಪತ್ರ ನಮ್ಮ ಮನೆಯವರಿಗೂ ಓದಿ ಹೇಳಿದ್ದೇನೆ. "ಬರಲಿ, ಪ್ಯಾಂಟು ಮೇಲೆತ್ತಿ ಕಾಲು ತೋರಿಸುತ್ತೇನೆ" ಅಂದರು. ತಂತಿ ಹೊಕ್ಕ ಗುರುತುಗಳು ಹಾಗೇ ಇವೆ. ಆ ಸ್ಪ್ಯಾನರನ್ನೂ ನಾನು ಇಟ್ಟುಕೊಂಡಿದ್ದೇನೆ.

— ಸಂಪಾದಕಿ