ಪರದೆ ಹೊರಿಸಿದ ಆರೋಪ

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ನಲವತ್ತರ ಆಸುಪಾಸಿನ ಸಿಸ್ಟಂ ಅಡ್ಮಿನ್, ಅಂದರೆ ಆಫೀಸಿನ ಕಂಪ್ಯೂಟರುಗಳ ಉಸ್ತುವಾರಿ ನೋಡುವವರು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ನಿದ್ದೆ ಬರುತ್ತಿಲ್ಲ, ಫೋನ್ ರಿಂಗಾದರೆ ಎದೆ ಢವಗುಟ್ಟುತ್ತದೆ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದರು. ಯಾವಾಗಿನಿಂದ ಎಂದರೆ, ಸಿಬ್ಬಂದಿಯೆಲ್ಲ ತಮ್ಮ ಕಂಪ್ಯೂಟರಿನಿಂದಲೇ ಲಾಗಿನ್ ಆಗಿ ಕೆಲಸ ಮಾಡುವ ಟರ್ಮಿನಲ್ ಸರ್ವರ್ ಹೊಸದು ಬಂದಾಗಿನಿಂದ.

ಹಳೆಯ ಸರ್ವರ್‌ನಲ್ಲಿ ಸಿಬ್ಬಂದಿ ಐಕಾನ್ ಒತ್ತಿದರೆ ಸಾಕು, ಉಳಿಸಿಟ್ಟ ಪಾಸ್‌ವರ್ಡ್‌ನಲ್ಲಿ ತಾನಾಗಿ ಲಾಗಿನ್ ಆಗುತ್ತಿತ್ತು. ಹೊಸದರಲ್ಲಿ ಪ್ರತಿ ಸಲವೂ ಪಾಸ್‌ವರ್ಡ್ ಕೇಳುತ್ತದೆ. ಜೊತೆಗೊಂದು ಸಂದೇಶ: ಉಳಿಸಿಟ್ಟ ಪಾಸ್‌ವರ್ಡ್ ಬಳಸಲು ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಅನುಮತಿ ನೀಡಿಲ್ಲ, ಏಕೆಂದರೆ ಆ ಕಂಪ್ಯೂಟರ್‌ನ ಗುರುತು ಪೂರ್ತಿ ಖಚಿತವಾಗಿಲ್ಲ. ಜನ ಮೊದಲರ್ಧ ಓದಿ ಇವರಿಗೆ ಫೋನ್ ಮಾಡುತ್ತಾರೆ. "ಯಾಕ್ರೀ ಬ್ಲಾಕ್ ಮಾಡಿದ್ದೀರಿ?"

"ನಾನು ಏನನ್ನೂ ತಡೆದಿಲ್ಲ ಮೇಡಂ. ಆದರೆ ದಿನಾ ಅಷ್ಟು ಜನ ಹೇಳಿದರೆ, ಎಲ್ಲೋ ನಾನೇ ಏನೋ ಮಾಡಿಟ್ಟಿದ್ದೀನೇನೋ ಅನಿಸೋಕೆ ಶುರುವಾಗುತ್ತೆ."

ಈ ವೃತ್ತಿಗೆ ಬರುವ ಮೊದಲು ನಾನೂ ಕೆಲಕಾಲ ಸರ್ವರ್‌ಗಳ ಜೊತೆ ಏಗಿದವಳು. ಕ್ಲೈಂಟ್‌ನ ಆಫೀಸು ಕೆಲಸವನ್ನು ಆಪ್ತಸಲಹೆಗಾರರು ರಿಪೇರಿ ಮಾಡಿಕೊಡಬಾರದು, ಅದು ಸರಿ. ಆದರೆ ಇವರ ಆತಂಕ ಕೂತಿದ್ದದ್ದೇ ಆ ಸಂದೇಶದ ಮೇಲೆ. ಅದನ್ನು ಬಿಟ್ಟು ಬಾಲ್ಯದ ಬಗ್ಗೆ ಕೇಳುತ್ತ ಕೂರುವುದು ನನಗೆ ಸರಿಕಾಣಲಿಲ್ಲ. ಪಾಸ್‌ವರ್ಡ್ ಟೈಪ್ ಮಾಡಿದರೆ ಒಳಗೆ ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದೆ. ಹಾಗಾದರೆ ಸರ್ವರ್ ಬೇಡ ಎನ್ನುತ್ತಿಲ್ಲ, ಉಳಿಸಿದ ಪಾಸ್‌ವರ್ಡನ್ನು ಅದಕ್ಕೆ ಕೊಡಲು ಬಳಕೆದಾರರ ಕಂಪ್ಯೂಟರೇ ಹಿಂಜರಿಯುತ್ತಿದೆ. ಸಿಬ್ಬಂದಿ ಒತ್ತುವ ಆ ಐಕಾನಿನ ಶಾರ್ಟ್‌ಕಟ್‌ನಲ್ಲಿ ಸರ್ವರ್‌ನ ಹೆಸರಿದೆಯೋ, ಅಂಕಿಗಳ ಐಪಿ ವಿಳಾಸವೋ? ಐಪಿ. ಅವಸರದಲ್ಲಿ ಹಾಗೇ ಹಂಚಿದ್ದರು.

ಅವರಿಗೆ ಗೊತ್ತಿಲ್ಲದ್ದೇನಲ್ಲ. ಹೆಸರಿನಿಂದ ಸಂಪರ್ಕಿಸಿದರೆ ಕರ್ಬೆರೋಸ್ ಎಂಬ ಗುರುತು ಪರಿಶೀಲನೆಯ ವಿಧಾನದ ಮೂಲಕ ಎದುರಿನ ಸರ್ವರ್ ಯಾರೆಂದು ಖಾತ್ರಿಯಾಗುತ್ತದೆ. ಐಪಿಯಿಂದಾದರೆ ಸಾಮಾನ್ಯವಾಗಿ ಎನ್‌ಟಿಎಲ್‌ಎಂ ಎಂಬ ಹಳೆಯ ವಿಧಾನಕ್ಕೆ ಇಳಿಯುತ್ತದೆ, ಅದು ಸರ್ವರ್‌ನ ಗುರುತನ್ನು ಖಾತ್ರಿಪಡಿಸುವುದಿಲ್ಲ. ಯಾರೆಂದು ಗೊತ್ತಿಲ್ಲದವರಿಗೆ ಪಾಸ್‌ವರ್ಡ್ ಕೊಡಬೇಡ ಎನ್ನುವುದು ವಿಂಡೋಸ್‌ನ ಮೂಲ ಸೆಟ್ಟಿಂಗ್, ಯಾವ ಅಡ್ಮಿನ್ನೂ ಹಾಕಿದ್ದಲ್ಲ. ಸಂದೇಶ ಬರೆದವರು ಮಾತ್ರ ಪಾಪ, ಅಡ್ಮಿನ್ ತಲೆಗೆ ಕಟ್ಟಿದ್ದಾರೆ! ಇಷ್ಟು ಮಾತಾಗುವಾಗ ಅವರು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕೂತರು.

ಇದನ್ನೆಲ್ಲ ತಿಳಿದವರು ಎರಡು ತಿಂಗಳು ಯಾಕೆ ಹುಡುಕಲಿಲ್ಲ? ಸರ್ವರ್‌ನಲ್ಲಿ ನಡೆದದ್ದೆಲ್ಲ ದಾಖಲಾಗುವ ಲಾಗ್ ನೋಡಿದಿರಾ ಎಂದೆ. ನೋಡಿರಲಿಲ್ಲ. ಮುಂದಿನ ಭೇಟಿಯಲ್ಲಿ ನಿಧಾನವಾಗಿ ಹೊರಬಂತು. ಗಲಾಟೆ ತಡೆಯಲಾರದೆ, ಮುಂಭಾಗದ ಕೌಂಟರಿನ ಯಂತ್ರಗಳಿಗೆ ಒಂದೇ ಖಾತೆ ಮಾಡಿ, ಪಾಸ್‌ವರ್ಡ್ ಎಂದೂ ಬದಲಾಗದಂತೆ ಇಟ್ಟು, ವಿಂಡೋಸ್ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಆಟೋ ಲಾಗಿನ್ ಹಾಕಿದ್ದರು. ಹಾಗೆ ಹಾಕಿದರೆ ಪಾಸ್‌ವರ್ಡ್ 'ಡಿಫಾಲ್ಟ್‌ಪಾಸ್‌ವರ್ಡ್' ಎಂಬಲ್ಲಿ ಯಾರಾದರೂ ಓದಬಹುದಾದ ಅಕ್ಷರಗಳಲ್ಲೇ ಕೂತಿರುತ್ತದೆ. ಯಾರು ಏನು ಮಾಡಿದರು ಎಂಬುದೂ ತಿಳಿಯುವುದಿಲ್ಲ, ಎಲ್ಲರದೂ ಒಂದೇ ಹೆಸರು. ಲಾಗ್ ತೆರೆದರೆ ಆ ಖಾತೆ ಕಣ್ಣಿಗೆ ಬೀಳುತ್ತದೆ, ಅದಕ್ಕೇ ತೆರೆಯಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಳ್ಳುತ್ತ, ಮಾಡಿದ ತಪ್ಪನ್ನು ಕಾಯುತ್ತಿದ್ದರು. ನಿದ್ದೆಗೆಡಿಸಿದ್ದು ಎರಡನೆಯದು.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ಬೇರೆಯವರು ಪತ್ತೆಹಚ್ಚುವ ಮೊದಲು ನೀವೇ ಹೇಳಿಬಿಡಿ ಎಂಬುದು. ಬಾಯಲ್ಲಿ ಬೇಡ, ಬರಹದಲ್ಲಿ. ಏನು ಮಾಡಿದೆ, ಯಾಕೆ, ಅದರ ಅಪಾಯವೇನು, ಯಾವ ದಿನದೊಳಗೆ ತೆಗೆಯುತ್ತೇನೆ. ಕ್ಷಮೆ ಒಂದೇ ಸಾಲು. "ಕೆಲಸ ಹೋದರೆ?" ಎಂದರು. ಹೋಗುವುದಿಲ್ಲ ಎಂದು ನಾನು ಭರವಸೆ ಕೊಡಲಿಲ್ಲ, ಅದು ನನ್ನ ಕೈಲಿಲ್ಲ. ಕರಡು ಬರೆದು ತನ್ನಿ, ಕಳಿಸುವುದು ಬಿಡುವುದು ಆಮೇಲೆ ಎಂದೆ. ಅವರು ಮುಂದಿನ ಸಲ ತರಲಿಲ್ಲ, ಅದರ ಮುಂದಿನ ಸಲ ತಂದರು. ಮುಕ್ಕಾಲು ಪುಟ ಸಮರ್ಥನೆಯಿತ್ತು. ಕೂತು ಹೊಡೆದುಹಾಕಿದೆವು.

ಸಿಬ್ಬಂದಿಗೂ ನಾಲ್ಕು ಸಾಲಿನ ಸೂಚನೆ ಬರೆಯಲು ಹೇಳಿದೆ: ಆ ಸಂದೇಶಕ್ಕೆ ನಿಜವಾದ ಅರ್ಥವೇನು, ಐಪಿಯ ಬದಲು ಸರ್ವರ್‌ನ ಹೆಸರಿರುವ ಹೊಸ ಶಾರ್ಟ್‌ಕಟ್ ಎಲ್ಲಿದೆ. ರಾತ್ರಿ ಹಾಸಿಗೆಯಲ್ಲಿ ಫೋನಿನಿಂದ ಸರ್ವರ್‌ಗೆ ಲಾಗಿನ್ ಆಗಿ ನೋಡುವ ಅಭ್ಯಾಸ ಬೇರೆ ಇತ್ತು. ಅದಕ್ಕೆ ಬದಲಾಗಿ ಬೆಳಿಗ್ಗೆ ಹೋದ ಕೂಡಲೇ ವಿಫಲ ಲಾಗಿನ್‌ಗಳ 4625, ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಬಂದು ಖಾತೆ ಲಾಕ್ ಆದ 4740, ಲಾಗ್‌ನಲ್ಲಿ ಈ ಎರಡು ಸಂಖ್ಯೆಯ ಈವೆಂಟ್‌ಗಳನ್ನು ಮಾತ್ರ ನೋಡುವುದೆಂದು ಒಪ್ಪಂದ ಮಾಡಿಕೊಂಡೆವು.

ಹೆಸರಿನ ಶಾರ್ಟ್‌ಕಟ್ ಹಂಚಿದ ಮೇಲೆ ಫೋನ್‌ಗಳು ಬಹುಪಾಲು ನಿಂತವು. ಕೆಲವು ಖಾತೆ ಆಗಾಗ ಲಾಕ್ ಆಗುತ್ತಿದ್ದವು. 4740ರಲ್ಲಿ ಯಾವ ಕಂಪ್ಯೂಟರಿನಿಂದ ಎಂಬ ಹೆಸರಿರುತ್ತದಲ್ಲ, ಹೋಗಿ ನೋಡಿದರೆ ಅಲ್ಲಿ ಹಳೆಯ ಪಾಸ್‌ವರ್ಡ್ ಉಳಿದುಕೊಂಡಿತ್ತು. ಪತ್ರವನ್ನು ಮೇಲಧಿಕಾರಿಗೆ ಕೊಟ್ಟರು. ಅವರು ಬೈದರು, ಹಂಚಿಕೆಯ ಖಾತೆ ತೆಗೆಯಲು ಗಡುವು ಕೊಟ್ಟರು. ಕೌಂಟರಿನವರು ಈಗ ತಮ್ಮ ತಮ್ಮ ಪಾಸ್‌ವರ್ಡ್ ಒತ್ತಬೇಕು, ಗೊಣಗುತ್ತಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ. ಅದಕ್ಕಾಗಿ ವೈದ್ಯರನ್ನೂ ಕಾಣಲು ಹೇಳಿದ್ದೇನೆ, ನಮ್ಮ ಭೇಟಿಗಳು ಮುಂದುವರಿದಿವೆ.