ಮೂಲ ಹಾಡಿಗಿಂತ ಕವರ್ ಹಾಡೇ ಚೆನ್ನಾಗಿರುವುದು ಉಂಟಾ?

ನೀವು ಕೇಳಿದ್ದು ಇಷ್ಟು: ಮೂಲವನ್ನು ಮೀರಿಸಿದ ಕವರ್ ಹಾಡುಗಳು, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ಧಾಟಿಯಲ್ಲಿ ಮತ್ತೆ ಹಾಡಿದ್ದು, ನಿಜಕ್ಕೂ ಇವೆಯಾ, ಅಥವಾ ಯಾವುದನ್ನು ಮೊದಲು ಕೇಳಿದ್ದೇವೋ ಅದೇ ಚೆಂದ ಅನ್ನಿಸುತ್ತದಾ?

ಎರಡೂ ನಿಜ. ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಆ ಹಳ್ಳಕ್ಕೆ ನಾನೂ ಬಿದ್ದಿದ್ದೇನೆ. 'ಟೇಂಟೆಡ್ ಲವ್' ಸಾಫ್ಟ್ ಸೆಲ್ ಜೋಡಿಯ ಸ್ವಂತ ಹಾಡು ಅಂತಲೇ ವರ್ಷಗಟ್ಟಲೆ ನಂಬಿಕೊಂಡಿದ್ದೆ. 1981ರ ಹಾಡು ಅದು, ಪೂರ್ತಿ ಸಿಂಥಸೈಜರ್. ಆಮೇಲೆ ಗೊತ್ತಾಯಿತು, 1965ರಲ್ಲೇ ಗ್ಲೋರಿಯಾ ಜೋನ್ಸ್ ಅದನ್ನು ಹಾಡಿದ್ದರು ಅಂತ. ಹುಡುಕಿ ಹಾಕಿದರೆ ನನಗೆ ಅನ್ನಿಸಿದ್ದೇನು ಗೊತ್ತಾ? 'ಇವರಿಗೇಕೆ ಇಷ್ಟು ಅವಸರ!' ಮೂಲವೇ ನಕಲಿನ ಹಾಗೆ ಕೇಳಿಸಿತು. ತಪ್ಪು ಅವರದ್ದಲ್ಲ, ನನ್ನ ಕಿವಿಯದ್ದು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ತೀರ್ಪು ಕೊಡುವ ಮೊದಲು ನಾಲ್ಕೈದು ದಿನ ಬರೀ ಮೂಲವನ್ನೇ ಕೇಳುತ್ತೇನೆ. ಆಮೇಲೆ ಕವರ್. ಇಷ್ಟಾದ ಮೇಲೂ ಕೆಲವು ಕವರ್‌ಗಳು ಗೆದ್ದೇ ಗೆಲ್ಲುತ್ತವೆ.

ಗೆಲ್ಲುವುದು ದನಿ ಚೆನ್ನಾಗಿದೆ ಅಂತ ಅಲ್ಲ. ಮಾತು ಅದೇ, ರಾಗ ಹೆಚ್ಚುಕಡಿಮೆ ಅದೇ. ಆದರೆ ಹಾಡಿನೊಳಗೆ ಕೂತು ಮಾತಾಡುತ್ತಿರುವವರು ಬೇರೆಯವರಾಗಿರುತ್ತಾರೆ.

'ರೆಸ್ಪೆಕ್ಟ್' ತಗೊಳ್ಳಿ. ಬರೆದು ಹಾಡಿದ್ದು ಓಟಿಸ್ ರೆಡಿಂಗ್, 1965ರಲ್ಲಿ. ದುಡಿದು ದಣಿದು ಮನೆಗೆ ಬರುವ ಗಂಡಸಿನ ಹಾಡು ಅದು. ದುಡ್ಡು ತರುತ್ತೇನೆ, ಮನೆಗೆ ಬಂದಾಗ ಒಂದಿಷ್ಟು ಮರ್ಯಾದೆ ಕೊಡು ಅನ್ನುವ ಧಾಟಿ. ಹಾಡು ಕೆಟ್ಟದ್ದಂತೂ ಅಲ್ಲ. ಕಹಳೆಗಳ ಜೊತೆ ಓಡುತ್ತದೆ, ಓಟಿಸ್ ಬೆವರು ಸುರಿಸಿ ಹಾಡುತ್ತಾರೆ. 1967ರ ಫೆಬ್ರವರಿಯಲ್ಲಿ ಅರೀಥಾ ಫ್ರಾಂಕ್ಲಿನ್ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಅದನ್ನೇ ಹಾಡಿದರು. ಈಗ ಮರ್ಯಾದೆ ಕೇಳುತ್ತಿರುವುದು ಹೆಂಗಸು. ನನ್ನ ಹತ್ತಿರವೂ ದುಡ್ಡಿದೆ ಅನ್ನುತ್ತಾಳೆ. ಓಟಿಸ್ ಗೋಗರೆದದ್ದನ್ನು ಇವಳು ಕೊಡಲೇಬೇಕಾದ ಬಾಕಿಯ ಹಾಗೆ ವಸೂಲಿ ಮಾಡುತ್ತಾಳೆ.

ಎಲ್ಲರಿಗೂ ಬಾಯಿಗೆ ಬರುವುದು ಆ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಜಾಗ, ಅಲ್ವಾ? ಅದು ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ! ಹಿಂದೆ ಪಟಪಟ ಅಂತ 'ಸಾಕ್ ಇಟ್ ಟು ಮಿ' ಅನ್ನುವ ದನಿಗಳೂ ಇಲ್ಲ. ಅವು ಅರೀಥಾ ಅವರ ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಇದ್ದ ಹಿನ್ನೆಲೆ ತಂಡದ್ದು. ನಡುವೆ ಕಿಂಗ್ ಕರ್ಟಿಸ್ ಸ್ಯಾಕ್ಸೋಫೋನ್ ನುಡಿಸುವ ಭಾಗವೂ ಹೊಸದು. ಅದರ ಸ್ವರಸಂಗತಿಯನ್ನು ಸ್ಯಾಮ್ ಆ್ಯಂಡ್ ಡೇವ್ ಅನ್ನುವ ಗಾಯಕ ಜೋಡಿ ಹಾಡಿದ ಇನ್ನೊಂದು ಹಾಡಿನಿಂದ ಎತ್ತಿಕೊಂಡಿದ್ದು. ಅಂದರೆ ಇವತ್ತು ನಾವು 'ರೆಸ್ಪೆಕ್ಟ್' ಅಂತ ಗುನುಗುವುದರಲ್ಲಿ ಅರ್ಧದಷ್ಟು ಕವರ್‌ನಲ್ಲಿ ಹುಟ್ಟಿದ್ದು. ಓಟಿಸ್‌ಗೂ ಇದು ಗೊತ್ತಿತ್ತು. ಅದೇ ವರ್ಷ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದ ವೇದಿಕೆ ಮೇಲೆ, ಈ ಹಾಡನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡಳು ಅಂತ ತಮಾಷೆ ಮಾಡಿ, ಆಮೇಲೆ ಹಾಡಿದರು. ಆರು ತಿಂಗಳಿಗೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 26 ವರ್ಷ.

'ಹರ್ಟ್' ಇದಕ್ಕಿಂತಲೂ ವಿಚಿತ್ರ. ನೈನ್ ಇಂಚ್ ನೇಲ್ಸ್ ಅನ್ನುವ ರಾಕ್ ತಂಡದ ಟ್ರೆಂಟ್ ರೆಜ್ನರ್ ಬರೆದ ಹಾಡು, 1994ರ ಆಲ್ಬಮ್‌ನಲ್ಲಿ ಬಂತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಪಿಸುಮಾತಿನಲ್ಲಿ ಶುರುವಾಗಿ ಕರ್ಕಶ ಸದ್ದಿನಲ್ಲಿ ಮುಗಿಯುತ್ತದೆ. ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತಿರುವ ಹುಡುಗನೊಬ್ಬ ಕತ್ತಲೆ ಕೋಣೆಯಲ್ಲಿ ಕೂತ ಹಾಗೆ. 2002ರಲ್ಲಿ ಜಾನಿ ಕ್ಯಾಶ್ ಅದನ್ನು ಹಾಡಿದಾಗ ಅವರಿಗೆ ಎಪ್ಪತ್ತು. ಕಾಯಿಲೆಯಿಂದ ದನಿ ಬಿರುಕು ಬಿಟ್ಟಿತ್ತು. ಅವರು ಬದಲಾಯಿಸಿದ್ದು ಮುಖ್ಯವಾಗಿ ಒಂದೇ ಪದ: ಕಿರೀಟದ ಬಗ್ಗೆ ಇದ್ದ ಬೈಗುಳ ತೆಗೆದು ಮುಳ್ಳಿನ ಕಿರೀಟ ಅಂತ ಮಾಡಿದರು. ಮಿಕ್ಕ ಮಾತೆಲ್ಲ ಹಾಗೇ ಇದೆ. ಆದರೆ ನನಗೆ ಪರಿಚಯದವರೆಲ್ಲ ಕೊನೆಗೆ ದೂರ ಹೋಗುತ್ತಾರೆ ಅಂತ ಇಪ್ಪತ್ತೆಂಟರ ಹುಡುಗ ಹೇಳಿದರೆ ಅದು ಕೊರಗು. ಎಪ್ಪತ್ತರ ಮುದುಕ ಹೇಳಿದರೆ? ಅವನು ಸುಮ್ನೆ ಲೆಕ್ಕ ಒಪ್ಪಿಸುತ್ತಿದ್ದಾನೆ ಅಷ್ಟೇ.

ಹೆಡ್‌ಫೋನ್ ಹಾಕಿಕೊಂಡು ಕ್ಯಾಶ್ ಹಾಡಿನ ಕೊನೆಯ ಒಂದು ನಿಮಿಷ ಕೇಳಿ. ಪಿಯಾನೋದಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ಕುಟ್ಟುತ್ತಾ ಹೋಗುತ್ತಾರೆ. ಸದ್ದು ಏರುತ್ತದೆ, ಏರುತ್ತದೆ, ದನಿ ಮುಳುಗಿಹೋಗುತ್ತದೇನೋ ಅನ್ನುವಷ್ಟು. ಆಮೇಲೆ ಎಲ್ಲ ಒಟ್ಟಿಗೆ ನಿಂತು ಅವರ ದನಿ ಮಾತ್ರ ಉಳಿಯುತ್ತದೆ. ಮಾರ್ಕ್ ರೊಮನೆಕ್ ಮಾಡಿದ ವಿಡಿಯೋದಲ್ಲಿ ಕೊನೆಗೆ ಕ್ಯಾಶ್ ಪಿಯಾನೋದ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಾಡಿಸುತ್ತಾರೆ. ಹೆಂಡತಿ ಜೂನ್ ಮೆಟ್ಟಿಲ ಮೇಲೆ ನಿಂತು ಗಂಡನನ್ನೇ ನೋಡುತ್ತಿರುತ್ತಾರೆ. 2003ರ ಮೇ ತಿಂಗಳಲ್ಲಿ ಜೂನ್ ಹೋದರು, ಸೆಪ್ಟೆಂಬರ್‌ನಲ್ಲಿ ಕ್ಯಾಶ್. ರೆಜ್ನರ್‌ಗೆ ಮೊದಲು ಈ ಕವರ್ ವಿಚಾರವೇ ಅಷ್ಟಾಗಿ ಹಿಡಿಸಿರಲಿಲ್ಲ. ವಿಡಿಯೋ ನೋಡಿದ ಮೇಲೆ, ಈ ಹಾಡು ಇನ್ನು ನನ್ನದಲ್ಲ ಅನ್ನುವ ಅರ್ಥದ ಮಾತು ಹೇಳಿದರು. ನನ್ನ ಮಟ್ಟಿಗೆ ಇಲ್ಲಿ ವಾದಕ್ಕೆ ಜಾಗವಿಲ್ಲ.

ಇನ್ನು 'ಆಲ್ ಅಲಾಂಗ್ ದ ವಾಚ್‌ಟವರ್'. ಬಾಬ್ ಡಿಲನ್ ಆಲ್ಬಮ್ ಬಂದದ್ದು 1967ರ ಡಿಸೆಂಬರ್ ಕೊನೆಗೆ. ಜಿಮಿ ಹೆಂಡ್ರಿಕ್ಸ್ 1968ರ ಜನವರಿಯಲ್ಲೇ ಲಂಡನ್‌ನಲ್ಲಿ ಧ್ವನಿಮುದ್ರಣ ಶುರು ಮಾಡಿದರು. ಒಂದು ತಿಂಗಳೂ ಆಗಿರಲಿಲ್ಲ! ಡಿಲನ್ ಹಾಡಿನಲ್ಲಿ ಗಿಟಾರ್, ಬಾಸ್, ಡ್ರಮ್, ಮೌತ್ ಆರ್ಗನ್ ಇಷ್ಟೇ. ಯಾರೋ ಕೆಟ್ಟ ಸುದ್ದಿಯನ್ನು ತಣ್ಣಗೆ ಹೇಳಿ ಹೋದ ಹಾಗೆ ಇರುತ್ತದೆ. ಹೆಂಡ್ರಿಕ್ಸ್ ಆ ಸುದ್ದಿಯಲ್ಲಿದ್ದ ಬಿರುಗಾಳಿಯನ್ನೇ ತಂದು ಎದುರಿಗೆ ನಿಲ್ಲಿಸಿದರು. ನಡುವಿನ ಗಿಟಾರ್ ಭಾಗ ಗಮನಿಸಿ: ಮೊದಲು ನೇರವಾಗಿ ನುಡಿಸುತ್ತಾರೆ, ಆಮೇಲೆ ತಂತಿ ಮೇಲೆ ಜಾರಿಸುತ್ತಾರೆ, ಆಮೇಲೆ ಸದ್ದನ್ನು 'ವಾ-ವಾ' ಅಂತ ತಿರುಚುವ ವಾ-ವಾ ಪೆಡಲ್ ತುಳಿದು ಗಿಟಾರ್ ಕೈಲಿ ಮಾತಾಡಿಸುತ್ತಾರೆ. ಹೆಂಡ್ರಿಕ್ಸ್ ತೀರಿಕೊಂಡ ಮೇಲೆ ಡಿಲನ್ ಕೂಡ ಕಛೇರಿಗಳಲ್ಲಿ ಆ ಧಾಟಿಗೇ ಹೊರಳಿದರು. ಬರೆದವನೇ ಕವರ್‌ನ ಕವರ್ ಮಾಡಿದ ಹಾಗಾಯಿತು.

ಈಗ ಜಗಳದ ವಿಷಯ. 'ಐ ವಿಲ್ ಆಲ್ವೇಸ್ ಲವ್ ಯೂ' ಅಂದರೆ ಜಾಸ್ತಿ ಜನಕ್ಕೆ 1992ರ ವಿಟ್ನಿ ಹ್ಯೂಸ್ಟನ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ವಾದ್ಯವೇ ಇಲ್ಲದೆ ಬರೀ ಕಂಠದಲ್ಲಿ ಶುರುವಾಗುತ್ತದಲ್ಲ, ಆ ಧೈರ್ಯಕ್ಕೆ ಕೈಮುಗಿಯಬೇಕು. ಕೊನೆ ಹತ್ತಿರ ಒಂದು ಕ್ಷಣ ಎಲ್ಲ ನಿಂತು, ಡ್ರಮ್ ಒಂದೇ ಏಟು ಬಿದ್ದು, ಶ್ರುತಿ ಏರುವ ಜಾಗದಲ್ಲಿ ನನಗೂ ಮೈ ಜುಮ್ಮೆನ್ನುತ್ತದೆ. ಆದರೂ ನನ್ನ ಓಟು ಡಾಲಿ ಪಾರ್ಟನ್‌ಗೆ. 1974ರಲ್ಲಿ ಬಂದ ಮೂಲ. ತನ್ನನ್ನು ಬೆಳೆಸಿದ ಪೋರ್ಟರ್ ವ್ಯಾಗನರ್ ಅವರ ತಂಡ ಬಿಟ್ಟು ಹೊರಡುವಾಗ ಬರೆದ ಹಾಡು. ಪ್ರೀತಿ ಮುರಿದದ್ದಕ್ಕಲ್ಲ, ಕೆಲಸ ಬಿಡುವುದಕ್ಕೆ! ಒಂದು ಕಡೆ ಡಾಲಿ ಹಾಡುವುದನ್ನು ಬಿಟ್ಟು ಸುಮ್ನೆ ಮಾತಾಡುತ್ತಾರೆ. ಬಾಗಿಲ ಹತ್ತಿರ ನಿಂತವರು ಮಾತಾಡುವ ಹಾಗೆ. ವಿಟ್ನಿ ಹಾಡು ಕೇಳಿದರೆ 'ಎಂಥ ದನಿ' ಅನ್ನಿಸುತ್ತದೆ, ಡಾಲಿ ಹಾಡು ಕೇಳಿದರೆ ಯಾರೋ ನಿಜವಾಗಿಯೂ ಹೊರಟರು ಅನ್ನಿಸುತ್ತದೆ. ನೀವು ಒಪ್ಪದಿದ್ದರೂ ಬೇಜಾರಿಲ್ಲ.

ಅಂದ ಹಾಗೆ ಈ ಹಾಡಿನ ಹಿಂದೆ ಒಂದು ದುಡ್ಡಿನ ಕತೆ ಇದೆ. ಇದನ್ನು ಎಲ್ವಿಸ್ ಪ್ರೀಸ್ಲಿ ಹಾಡುವವರಿದ್ದರು. ಅವರ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಡಾಲಿ ಕೊಡಲಿಲ್ಲ. ಅತ್ತರಂತೆ, ಆದರೂ ಕೊಡಲಿಲ್ಲ. ಕವರ್ ಯಾರೇ ಹಾಡಿದರೂ ಬರೆದವರಿಗೆ ರಾಯಲ್ಟಿ ಹೋಗುತ್ತದೆ. ಹಾಗಾಗಿ ವಿಟ್ನಿ ಗೆದ್ದಷ್ಟೂ ಡಾಲಿಗೆ ಲಾಭ.

'ನಥಿಂಗ್ ಕಂಪೇರ್ಸ್ ಟು ಯೂ' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರಿನ್ಸ್ ಬರೆದದ್ದು, 1985ರಲ್ಲಿ ದ ಫ್ಯಾಮಿಲಿ ಅನ್ನುವ ತಂಡ ಹಾಡಿತು, ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ. 1990ರಲ್ಲಿ ಶಿನೇಡ್ ಓಕಾನರ್ ಹಾಡಿದ ಮೇಲೆ ಅದು ಅವರದ್ದೇ ಆಯಿತು. ಪ್ರಿನ್ಸ್ 1984ರಲ್ಲಿ ತಾವೇ ಹಾಡಿಟ್ಟಿದ್ದ ಪ್ರತಿ 2018ರಲ್ಲಿ ಹೊರಬಂತು. ಚೆನ್ನಾಗಿಯೇ ಇದೆ, ಆದರೆ ಕಾಲ ಮೀರಿತ್ತು.

ಕೊನೆಯದಾಗಿ 'ಹಲ್ಲೆಲೂಯಾ', ಯಾಕೆಂದರೆ ಇದನ್ನು ಬಿಟ್ಟರೆ ಕಾಮೆಂಟಿನಲ್ಲಿ ನೀವು ಬಿಡುವುದಿಲ್ಲ. ಲೆನರ್ಡ್ ಕೊಹೆನ್ ಹಾಡು ಬಂದ ಆಲ್ಬಮ್ 1984ರದ್ದು. ಅವರ ಅಮೆರಿಕದ ಕಂಪನಿ ಅದನ್ನು ಬಿಡುಗಡೆ ಮಾಡುವುದಕ್ಕೇ ಒಪ್ಪಲಿಲ್ಲ. ಜಾನ್ ಕೇಲ್ ಇದನ್ನು ಹಾಡಬೇಕು ಅಂತ ಸಾಹಿತ್ಯ ಕೇಳಿದಾಗ ಕೊಹೆನ್ ಫ್ಯಾಕ್ಸ್‌ನಲ್ಲಿ ಕಳಿಸಿದ್ದು ಹದಿನೈದು ಪುಟ! ಅದರಲ್ಲಿ ಬೇಕಾದ್ದನ್ನು ಆರಿಸಿ, ಬರೀ ಪಿಯಾನೋ ಇಟ್ಟುಕೊಂಡು ಕೇಲ್ 1991ರಲ್ಲಿ ಹಾಡಿದರು. ಜೆಫ್ ಬಕ್ಲಿ ಕೇಳಿದ್ದು ಕೇಲ್ ಹಾಡನ್ನು. 1994ರಲ್ಲಿ ಒಂದೇ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು ಅವರು ಹಾಡಿದ್ದು ಆ ಕವರ್‌ನ ಕವರ್. ಶುರುವಿನಲ್ಲಿ ಒಂದು ಉಸಿರು ಕೇಳಿಸುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಆಮೇಲೆ ಬಂದ ಎಷ್ಟೋ ಜನ ಬಕ್ಲಿಯ ಆ ಉಸಿರನ್ನೂ ಸೇರಿಸಿ ನಕಲು ಮಾಡಿದರು. ಸ್ಪರ್ಧೆಗಳಲ್ಲಿ, ಸಿನಿಮಾಗಳಲ್ಲಿ, ಎಲ್ಲೆಂದರಲ್ಲಿ. ಅವರ ಬಾಯಲ್ಲಿ ಹಾಡಿನೊಳಗಿನ ವ್ಯಕ್ತಿ ಬದಲಾಗಲೇ ಇಲ್ಲ, ಬರೀ ಗಿಳಿಪಾಠ. 2009ರಲ್ಲಿ ಕೊಹೆನ್ ಅವರೇ ಒಂದು ಸಂದರ್ಶನದಲ್ಲಿ, ಒಳ್ಳೆಯ ಹಾಡೇ, ಆದರೆ ತೀರಾ ಜಾಸ್ತಿ ಜನ ಹಾಡುತ್ತಿದ್ದಾರೆ ಅಂದಿದ್ದರು.